ಮಾಧ್ಯಮ ನೀತಿ ಮತ್ತು ನಮ್ಮ ಮನೆಯ ಕನ್ನಡ

(ಸಂಘದ ಸಂಸ್ಥಾಪನಾ ದಿನಾಚರಣೆಯ ಅಂಗವಾಗಿ ನಾರ್ತ್ ಸಿಡ್ನಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಕಾರ್ಯದರ್ಶಿಗಳು ನನಗೆ ಫೋನ್ ಮಾಡಿದಾಗ, "ಡಾಕ್ಟ್ರೇ, ಈ ಸಲ ಸಕ್ಕರೆ ಕಾಯಿಲೆ, ರಕ್ತದೊತ್ತಡ ಎರಡನ್ನೂ ಬಿಟ್ಟು ಬೇರೇನಾದರೂ ಮಾತನಾಡಿ" ಎಂದು ವಿನಂತಿಸಿದರು. ಊಟಕ್ಕೆ ಮುಂಚೆ ಸಕ್ಕರೆಯ ಮಾತೆತ್ತುವ ವೈದ್ಯನನ್ನು ಯಾರೂ ಇಷ್ಟಪಡುವುದಿಲ್ಲವೆಂಬುದು ನನಗೂ ಗೊತ್ತು. ಆದ್ದರಿಂದ ರೇಡಿಯೋ, ದೂರದರ್ಶನ, ಸಿನಿಮಾ, ಇವುಗಳಿಗೆ ಸರ್ಕಾರಗಳು ಹಾಕುವ ಕಟ್ಟುಪಾಡುಗಳು, ಮುಂದೆ ಅವು ಹೇಗಿದ್ದರೆ ನಮ್ಮಂಥ ಸಣ್ಣ ಭಾಷೆಯ ಸಮುದಾಯಕ್ಕೆ ಅನುಕೂಲ ಎಂಬ ವಿಷಯವನ್ನು ಆರಿಸಿಕೊಂಡಿದ್ದೇನೆ. ಎಂ.ಬಿ.ಬಿ.ಎಸ್. ಮುಗಿಸಿ, ರೆಸಿಡೆನ್ಸಿಯಲ್ಲಿ ನಿದ್ದೆಗೆಟ್ಟು, ಈಗ ನಲವತ್ತು ದಾಟಿರುವ ವೈದ್ಯನಿಗೆ ಈ ಉಸಾಬರಿ ಏಕೆ ಎಂದು ತಾವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಉತ್ತರಕ್ಕೆ 50 ವರ್ಷ ಹಿಂದಕ್ಕೆ ಹೋಗಬೇಕು.

1975ರ ಜುಲೈ 1ರಂದು ಈ ದೇಶದಲ್ಲಿ ಮೆಡಿಬ್ಯಾಂಕ್ ಎಂಬ ಸಾರ್ವತ್ರಿಕ ಆರೋಗ್ಯ ವಿಮೆ ಜಾರಿಗೆ ಬಂತು. ಇಂದಿನ ಮೆಡಿಕೇರಿಗೆ ಅದೇ ಹಿರಿಯಕ್ಕ. ವಿಟ್ಲಂ ಸರ್ಕಾರಕ್ಕೆ ಒಂದು ತೊಡಕು ಎದುರಾಯಿತು. ಲಕ್ಷಾಂತರ ಗ್ರೀಕರು, ಇಟಾಲಿಯನ್ನರು, ತುರ್ಕಿಯವರು ಇಲ್ಲಿದ್ದಾರೆ; ಅವರಿಗೆ ಈ ಯೋಜನೆಯನ್ನು ತಿಳಿಸುವುದು ಹೇಗೆ? ಅಲ್ಲಿಯವರೆಗಿನ ನೀತಿಯಾದರೋ ಬಹಳ ಬಿಗಿ. ಐವತ್ತರ ದಶಕದಲ್ಲಿ ವಾಣಿಜ್ಯ ರೇಡಿಯೋ ಕೇಂದ್ರಗಳು ಇಂಗ್ಲಿಷೇತರ ಭಾಷೆಗಳಿಗೆ ಪ್ರಸಾರ ಸಮಯದ ಶೇಕಡ 2.5ಕ್ಕಿಂತ ಹೆಚ್ಚು ಕೊಡುವಂತಿರಲಿಲ್ಲ. ಆಡಿದ ಮಾತನ್ನು ಇಂಗ್ಲಿಷಿನಲ್ಲೂ ಹೇಳಬೇಕಿತ್ತು. ಆ ಬಿಗಿ ಸಡಿಲಗೊಂಡ ಮೇಲೆ, ಮೆಡಿಬ್ಯಾಂಕಿಗೆ ಮೂರು ವಾರ ಮುಂಚೆ, ಜೂನ್ 9ರಂದು ಸಿಡ್ನಿಯಲ್ಲಿ 2ಇಎ ಕೇಂದ್ರವೂ ಜೂನ್ 23ರಂದು ಮೆಲ್ಬರ್ನ್‌ನಲ್ಲಿ 3ಇಎ ಕೇಂದ್ರವೂ ಪ್ರಾರಂಭವಾದವು. ಸಿಡ್ನಿಯಲ್ಲಿ 7 ಭಾಷೆ, ಮೆಲ್ಬರ್ನ್‌ನಲ್ಲಿ 8 ಭಾಷೆ, ದಿನಕ್ಕೆ ನಾಲ್ಕು ಗಂಟೆ. ಅದೂ ಮೂರು ತಿಂಗಳ ಪ್ರಯೋಗವೆಂದೇ ಹೊರಟದ್ದು. 1978ರಲ್ಲಿ ಎಸ್.ಬಿ.ಎಸ್. ಸ್ಥಾಪನೆಯಾಗಿ ಈ ಎರಡು ಕೇಂದ್ರಗಳು ಅದರ ಮಡಿಲಿಗೆ ಬಂದವು. 1980ರಲ್ಲಿ ಅದರ ದೂರದರ್ಶನವೂ ಶುರುವಾಯಿತು. ಇಲ್ಲಿಂದ ರೈಲು ಹತ್ತಿದರೆ ನಾಲ್ಕನೆಯ ನಿಲ್ದಾಣ ಆರ್ಟಾರ್ಮನ್‌ನಲ್ಲಿ ಅದರ ಕಟ್ಟಡವಿದೆ. ಮೆಲ್ಬರ್ನ್ ಅತಿಥಿಗಳಿಗೆ ಫೆಡರೇಷನ್ ಸ್ಕ್ವೇರ್‌ನ ಕಚೇರಿ ಪರಿಚಿತವೇ.

ನನಗೆ ಈ ಕಥೆಯಲ್ಲಿ ಇಷ್ಟವಾಗುವುದು ಏನೆಂದರೆ, ಬಹುಸಂಸ್ಕೃತಿ, ಬಹುಭಾಷೆ ಎಂಬ ದೊಡ್ಡ ದೊಡ್ಡ ಮಾತುಗಳಿಂದ ಆ ರೇಡಿಯೋ ಹುಟ್ಟಲಿಲ್ಲ. ಡಾಕ್ಟರ ಹತ್ತಿರ ಹೋದರೆ ದುಡ್ಡು ಯಾರು ಕೊಡುತ್ತಾರೆ ಎಂಬ ಸಂಗತಿ ಮನೆಯ ಅಜ್ಜಿಗೆ ತಿಳಿಯಬೇಕಿತ್ತು, ಅದಕ್ಕಾಗಿ ಹುಟ್ಟಿತು. ಹೀಗೆ ಹುಟ್ಟಿದ್ದರಿಂದಲೇ ಉಳಿಯಿತೆಂದು ನನ್ನ ನಂಬಿಕೆ. ಹಾಗಾಗಿ ಮಾಧ್ಯಮ ನೀತಿಯ ವಿಷಯದಲ್ಲಿ ಎರಡು ಮಾತಾಡುವ ಹಕ್ಕು ವೈದ್ಯನಿಗೂ ಇದೆಯೆಂದು ತಾವು ಒಪ್ಪಿಕೊಳ್ಳಬೇಕು.

ಇನ್ನು ನಮ್ಮ ನಾಡಿನ ಕಡೆಗೆ ಒಮ್ಮೆ ನೋಡೋಣ. ಕರ್ನಾಟಕದಲ್ಲಿ ಮಾಧ್ಯಮದ ಕಟ್ಟುಪಾಡು ಎಂದೊಡನೆ ಹಿರಿಯರಿಗೆಲ್ಲ ನೆನಪಾಗುವುದು ಡಬ್ಬಿಂಗ್ ವಿರೋಧಿ ಚಳವಳಿ. ಆಗ ಕನ್ನಡ ಚಿತ್ರಗಳು ತಯಾರಾಗುತ್ತಿದ್ದುದು ಬಹುತೇಕ ಮದರಾಸಿನ ಸ್ಟುಡಿಯೋಗಳಲ್ಲಿ. ವರ್ಷಕ್ಕೆ ಬರುತ್ತಿದ್ದುದೂ ಬೆರಳೆಣಿಕೆಯಷ್ಟು. ತೆಲುಗು, ತಮಿಳು ಚಿತ್ರಗಳಿಗೆ ಕನ್ನಡದ ಮಾತು ಅಂಟಿಸಿ ಅಗ್ಗದಲ್ಲಿ ಬಿಟ್ಟರೆ ನಮ್ಮ ನಟರಿಗೆ, ತಂತ್ರಜ್ಞರಿಗೆ ಕೆಲಸವೆಲ್ಲಿ? ಅರವತ್ತರ ದಶಕದಲ್ಲಿ ಅನಕೃ, ಮ. ರಾಮಮೂರ್ತಿ ಮೊದಲಾದವರು ಬೀದಿಗಿಳಿದರು, ಡಾ. ರಾಜಕುಮಾರ್ ಬೆಂಬಲವಾಗಿ ನಿಂತರು, ಡಬ್ಬಿಂಗ್ ನಿಂತಿತು. ಅವತ್ತಿನ ಪರಿಸ್ಥಿತಿಗೆ ಅದು ಬೇಕಿತ್ತೆಂದೇ ನಾನು ಹೇಳುವೆ. ಹಡೆದ ಕೂಸನ್ನು ಕೆಲವು ದಿನ ಬೆಚ್ಚಗಿನ ಪೆಟ್ಟಿಗೆಯಲ್ಲಿ ಇಡಬೇಕಾಗುತ್ತದೆ. ಇಡದಿದ್ದರೆ ಉಳಿಯುವುದಿಲ್ಲ.

ಆದರೆ ಆ ಪೆಟ್ಟಿಗೆಯಲ್ಲಿ ಕೂಸನ್ನು 50 ವರ್ಷ ಇಟ್ಟರೆ? ಒಂದು ವಿಚಿತ್ರವನ್ನು ಗಮನಿಸಿ: ಡಬ್ಬಿಂಗ್ ಕೂಡದೆಂದು ಯಾವ ಶಾಸನಸಭೆಯೂ ಕಾನೂನು ಮಾಡಿರಲಿಲ್ಲ. ಅದು ಉದ್ಯಮದವರು ತಮ್ಮ ತಮ್ಮಲ್ಲಿ ಮಾಡಿಕೊಂಡ ಕಟ್ಟು. ಕಾನೂನಾಗಿದ್ದರೆ ಕೋರ್ಟಿಗೆ ಹೋಗಬಹುದಿತ್ತು, ಚುನಾವಣೆಯಲ್ಲಿ ಪ್ರಶ್ನಿಸಬಹುದಿತ್ತು. ಕಟ್ಟನ್ನು ಯಾರ ಹತ್ತಿರ ಪ್ರಶ್ನಿಸುವುದು? 1987ರಲ್ಲಿ ದೂರದರ್ಶನದ ರಾಮಾಯಣ ಬಂದಾಗ ನಾನು ಚಿಕ್ಕ ಹುಡುಗ. ತಿಪಟೂರಿನ ನಮ್ಮ ಅಜ್ಜಿ ಭಾನುವಾರ ಬೆಳಿಗ್ಗೆ ಸ್ನಾನ ಮಾಡಿ, ಟಿ.ವಿ. ಮುಂದೆ ದೀಪ ಹಚ್ಚಿ, ಒಂದಕ್ಷರ ಹಿಂದಿ ಬಾರದಿದ್ದರೂ ಇಡೀ ರಾಮಾಯಣವನ್ನು ನೋಡಿದರು. ರಾಮಾಯಣವಾದ್ದರಿಂದ ನಡೆಯಿತು, ಕಥೆ ಗೊತ್ತಿತ್ತು. 2012ರಲ್ಲಿ ಆಮಿರ್ ಖಾನ್ ಅವರ "ಸತ್ಯಮೇವ ಜಯತೇ" ಬಂತು. ಹೆಣ್ಣು ಭ್ರೂಣಹತ್ಯೆ, ವೈದ್ಯಕೀಯ ಲೋಕದ ಅವ್ಯವಹಾರ ಮುಂತಾದ ವಿಷಯಗಳನ್ನು ತಮಿಳು, ತೆಲುಗು, ಮಲಯಾಳದ ಮನೆಗಳಲ್ಲಿ ಅವರವರ ಭಾಷೆಯಲ್ಲೇ ಕೇಳಿದರು. ಕನ್ನಡದಲ್ಲಿ ಮಾತ್ರ ಬರಲಿಲ್ಲ. ಭ್ರೂಣಹತ್ಯೆಯ ಕಥೆ ಅಜ್ಜಿಗೆ ಮೊದಲೇ ಗೊತ್ತಿರುವ ಕಥೆಯಲ್ಲವಲ್ಲ! ಹೀಗೆ ಕನ್ನಡವನ್ನು ಕಾಯಲು ಹಾಕಿದ ಬೇಲಿ, ಕನ್ನಡ ಮಾತ್ರ ಬಲ್ಲವನನ್ನೇ ಹೊರಗಿಟ್ಟಿತು. ಎರಡು ಭಾಷೆ ಬಲ್ಲವರಿಗೆ ಏನೂ ನಷ್ಟವಾಗಲಿಲ್ಲ. ಅವರು ಹಿಂದಿಯಲ್ಲೋ ತೆಲುಗಿನಲ್ಲೋ ನೋಡಿಕೊಂಡರು.

ಅದೇ 2012ರಲ್ಲಿ ಕನ್ನಡ ಗ್ರಾಹಕರ ಕೂಟವು ಭಾರತದ ಸ್ಪರ್ಧಾ ಆಯೋಗಕ್ಕೆ ದೂರು ಕೊಟ್ಟಿತು. ಕನ್ನಡದಲ್ಲೇ ನೋಡುವ ಹಕ್ಕು ಗ್ರಾಹಕನದೆಂಬ ಅವರ ವಾದ ಹೊಸದಾಗಿತ್ತು. 2015ರ ಜುಲೈನಲ್ಲಿ ಆಯೋಗವು ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿ ಮತ್ತಿತರರ ಈ ಕಟ್ಟು ಸ್ಪರ್ಧಾ ಕಾಯಿದೆಗೆ ವಿರುದ್ಧವೆಂದು ತೀರ್ಪಿತ್ತು ದಂಡ ಹಾಕಿತು. ಬಂಗಾಳದಲ್ಲೂ ಇಂಥದೇ ತಕರಾರು: ಮಹಾಭಾರತ ಧಾರಾವಾಹಿಯ ಬಂಗಾಳಿ ಡಬ್ಬಿಂಗನ್ನು ಅಲ್ಲಿನ ಕಲಾವಿದರ ಸಂಘ ತಡೆದಿತ್ತು, 2017ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟು ಸ್ಪರ್ಧಾ ಆಯೋಗದ ಪರವಾಗಿ ನಿಂತಿತು. ಅದೇ ತಿಂಗಳು "ಸತ್ಯದೇವ್ ಐಪಿಎಸ್" ಎಂಬ ಡಬ್ಬಿಂಗ್ ಚಿತ್ರ ಪ್ರತಿಭಟನೆಯ ನಡುವೆ ಕರ್ನಾಟಕದಲ್ಲಿ ತೆರೆಕಂಡಿತು. 2020ರ ಲಾಕ್‌ಡೌನ್ ಕಾಲಕ್ಕೆ ಮಹಾಭಾರತ ಕನ್ನಡದಲ್ಲೇ ಮನೆಮನೆಗೆ ಬಂತು.

ಆಮೇಲೆ ಆಕಾಶವೇನೂ ಕಳಚಿ ಬೀಳಲಿಲ್ಲ. ಬದಲಿಗೆ ಏನಾಯಿತೆಂದು ತಮಗೇ ಗೊತ್ತು. 2018ರಲ್ಲಿ "ಕೆಜಿಎಫ್" ಐದು ಭಾಷೆಗಳಲ್ಲಿ ಹೊರಟಿತು. 2022ರಲ್ಲಿ "ಕಾಂತಾರ" ಮೊದಲು ಕನ್ನಡದಲ್ಲಿ ಬಂದು, ಎರಡು ವಾರಗಳಲ್ಲೇ ಹಿಂದಿ, ತೆಲುಗು ಮಾತು ಕಲಿತು ದೇಶವನ್ನೆಲ್ಲ ಸುತ್ತಿತು. ನಾವು ಅರ್ಧ ಶತಮಾನ ಬೇಡವೆಂದ ಡಬ್ಬಿಂಗೇ ನಮಗೆ ಪೇಟೆ ಕಟ್ಟಿಕೊಟ್ಟಿತು. ನನ್ನ ಆಸ್ಪತ್ರೆಯ ಪಂಜಾಬಿ ನರ್ಸ್ ಒಬ್ಬರು ಭೂತಕೋಲದ ವಿಷಯ ನನ್ನನ್ನು ವಿಚಾರಿಸಿದರು. ನಾನು ಬಯಲುಸೀಮೆಯವನು, ಮಂಗಳೂರಿನ ಗೆಳೆಯರಿಗೆ ಫೋನ್ ಮಾಡಿ ಕೇಳಿ ಉತ್ತರ ಹೇಳಿದೆ.

ಹಾಗಾದರೆ ಸರ್ಕಾರ ಕೈಕಟ್ಟಿ ಕೂರಬೇಕೇ? ಪೇಟೆ ಎಲ್ಲವನ್ನೂ ನೋಡಿಕೊಳ್ಳುತ್ತದೆಯೇ? ಖಂಡಿತ ಇಲ್ಲ. ಇದಕ್ಕೆ ಈ ದೇಶದಲ್ಲೇ ಒಳ್ಳೆಯ ಉದಾಹರಣೆಯಿದೆ. ಆಸ್ಟ್ರೇಲಿಯಾದ ಕಷ್ಟವೂ ಕನ್ನಡದ ಕಷ್ಟದಂಥದೇ. ಪಕ್ಕದಲ್ಲಿ ಬಲಾಢ್ಯರಿದ್ದಾರೆ, ಅವರ ಸರಕು ಅಗ್ಗ. ಅಮೆರಿಕದ ಧಾರಾವಾಹಿಯೊಂದನ್ನು ಕೊಂಡು ತರುವ ಖರ್ಚಿನಲ್ಲಿ ಇಲ್ಲೊಂದು ಧಾರಾವಾಹಿಯನ್ನು ಮಾಡಲಾಗದು. ಭಾಷೆಯೂ ಒಂದೇ ಆದ್ದರಿಂದ ಡಬ್ಬಿಂಗಿನ ಖರ್ಚೂ ಇಲ್ಲ! ಇವರು ಬಾಗಿಲು ಮುಚ್ಚಲಿಲ್ಲ. ಹೊರಗಿನದು ಎಷ್ಟು ಬೇಕಾದರೂ ಬರಲಿ, ಆದರೆ ವಾಣಿಜ್ಯ ದೂರದರ್ಶನದವರು ಬೆಳಿಗ್ಗೆ 6ರಿಂದ ನಡುರಾತ್ರಿಯವರೆಗಿನ ಸಮಯದಲ್ಲಿ ಶೇಕಡ 55ರಷ್ಟನ್ನು ಆಸ್ಟ್ರೇಲಿಯಾದ ಕಾರ್ಯಕ್ರಮಗಳಿಗೆ ಕೊಡಬೇಕೆಂದರು. "ತರಬೇಡ" ಅನ್ನಲಿಲ್ಲ, "ಮಾಡು" ಅಂದರು. ಈ ಎರಡು ಮಾತಿನ ನಡುವೆ ಇರುವ ಅಂತರವೇ ನಾನು ಇವತ್ತು ಹೇಳಬೇಕೆಂದಿರುವ ವಿಷಯದ ತಿರುಳು.

ಆ "ಮಾಡು" ಎಂಬ ಮಾತನ್ನು ತೆಗೆದುಹಾಕಿದರೆ ಏನಾಗುತ್ತದೆಂಬುದನ್ನೂ ನೋಡಿದ್ದೇವೆ. ಮಕ್ಕಳ ಕಾರ್ಯಕ್ರಮಗಳನ್ನು ಇಂತಿಷ್ಟು ಗಂಟೆ ಕೊಡಲೇಬೇಕೆಂದು ವಾಣಿಜ್ಯ ವಾಹಿನಿಗಳಿಗೆ ಪ್ರತ್ಯೇಕ ನಿಯಮವಿತ್ತು. ಕೋವಿಡ್ ನೆಪದಲ್ಲಿ 2020ರಲ್ಲಿ ಅದನ್ನು ತಡೆಹಿಡಿದು, 2021ರಿಂದ ರದ್ದುಪಡಿಸಿದರು. ಆ ವಾಹಿನಿಗಳಲ್ಲಿ ಮಕ್ಕಳ ಕಾರ್ಯಕ್ರಮಗಳು ಒಂದೆರಡು ವರ್ಷಗಳಲ್ಲೇ ಬಿಸಿಲಿಗೆ ಇಟ್ಟ ಮಂಜುಗಡ್ಡೆಯಂತೆ ಕರಗಿದವು. ನಮ್ಮ ಮಕ್ಕಳೆಲ್ಲ ಪ್ರೀತಿಸುವ "ಬ್ಲೂಯಿ" ಬ್ರಿಸ್ಬೇನಿನಲ್ಲಿ ತಯಾರಾಗುತ್ತದೆ, ನಿಜ. ಆದರೆ ಅದು 2018ರಲ್ಲಿ ಬಂದದ್ದು ಸಾರ್ವಜನಿಕ ಸಂಸ್ಥೆಯಾದ ಎ.ಬಿ.ಸಿ.ಯಲ್ಲಿ, ಸರ್ಕಾರಿ ಚಿತ್ರನಿಧಿಯ ನೆರವೂ ಅದಕ್ಕಿತ್ತು. ಇಂಥದು ತಾನಾಗಿ ಮೊಳೆಯುವುದಿಲ್ಲ.

ಈಗ ಜನ ಟಿ.ವಿ. ಬಿಟ್ಟು ನೆಟ್‌ಫ್ಲಿಕ್ಸ್, ಅಮೆಜಾನ್ ಕಡೆ ಹೋಗಿದ್ದಾರೆ. ಅಲ್ಲಿ ವರ್ಷಗಟ್ಟಲೆ ಯಾವ ನಿಯಮವೂ ಇರಲಿಲ್ಲ. ಕೊನೆಗೆ 2025ರ ನವೆಂಬರ್‌ನಲ್ಲಿ ಸಂಸತ್ತು ಕಾನೂನು ಮಾಡಿತು: 10 ಲಕ್ಷಕ್ಕಿಂತ ಹೆಚ್ಚು ಆಸ್ಟ್ರೇಲಿಯಾ ಚಂದಾದಾರರಿರುವ ಸಂಸ್ಥೆಗಳು ಇಲ್ಲಿನ ತಮ್ಮ ವೆಚ್ಚದ ಶೇಕಡ 10ರಷ್ಟನ್ನು, ಇಲ್ಲವೇ ಇಲ್ಲಿನ ಆದಾಯದ ಶೇಕಡ 7.5ರಷ್ಟನ್ನು ಹೊಸ ಆಸ್ಟ್ರೇಲಿಯನ್ ನಾಟಕ, ಮಕ್ಕಳ ಕಾರ್ಯಕ್ರಮ, ಸಾಕ್ಷ್ಯಚಿತ್ರ ಮುಂತಾದವುಗಳಿಗೆ ಹಾಕಬೇಕು. ಅದೇ ವರ್ಷ ಕರ್ನಾಟಕದಲ್ಲೂ ಸರ್ಕಾರ ಎಚ್ಚೆತ್ತುಕೊಂಡಂತೆ ಕಂಡಿತು. ಮಾರ್ಚ್ ಬಜೆಟ್ಟಿನಲ್ಲಿ ಕನ್ನಡಕ್ಕೊಂದು ಸರ್ಕಾರಿ ಓಟಿಟಿ ವೇದಿಕೆ ಮತ್ತು ಸಿನಿಮಾ ಟಿಕೆಟ್ಟಿಗೆ 200 ರೂಪಾಯಿ ಮಿತಿ ಎರಡನ್ನೂ ಘೋಷಿಸಿದರು. ಟಿಕೆಟ್ ಮಿತಿಗೆ ಸೆಪ್ಟೆಂಬರ್‌ನಲ್ಲಿ ಹೈಕೋರ್ಟು ತಡೆಯಾಜ್ಞೆ ಕೊಟ್ಟಿತು. ನೆರೆಯ ಕೇರಳವು 2024ರ ಮಾರ್ಚ್‌ನಲ್ಲೇ ಸಿ-ಸ್ಪೇಸ್ ಎಂಬ ತನ್ನ ವೇದಿಕೆಯನ್ನು ತೆರೆದಾಗಿತ್ತು. ಟಿಕೆಟ್ ಅಗ್ಗವಾದರೆ ಸಂತೋಷವೇ. ಆದರೆ ಒಳ್ಳೆಯ ಕನ್ನಡ ಚಿತ್ರವೊಂದು ಯಾವ ವೇದಿಕೆಯೂ ಕೊಳ್ಳದೆ ಡಬ್ಬದಲ್ಲಿ ಕೊಳೆಯುವುದಕ್ಕೆ ಟಿಕೆಟ್ ದರ ಮದ್ದಲ್ಲ. ಮೇಲೆ ಹೇಳಿದಂಥ "ಮಾಡು" ಎಂಬ ಕಾನೂನು ಭಾರತದಲ್ಲೂ ಭಾಷೆವಾರು ಬಂದರೆ ಅದು ಮದ್ದು.

ಈಗ ಸ್ವಾರಸ್ಯದ ಮಾತಿಗೆ ಬರೋಣ. ಆಸ್ಟ್ರೇಲಿಯಾದ ಕಾರ್ಯಕ್ರಮವೆಂದರೆ ಯಾವುದು? ದೂರದರ್ಶನದ ನಿಯಮದಲ್ಲಿ ಮುಖ್ಯವಾಗಿ ಕೇಳುವುದು ಅದರ ಸೃಜನಶೀಲ ಹಿಡಿತ ಯಾರ ಕೈಯಲ್ಲಿತ್ತು ಎಂಬುದನ್ನು. ನಿರ್ದೇಶಕ ಯಾರು, ಬರೆದವರು ಯಾರು, ನಟಿಸಿದವರು ಯಾರು ಎಂದು ನೋಡುತ್ತಾರೆ. ಭಾಷೆ ಯಾವುದೆಂದು ಕೇಳುವುದಿಲ್ಲ. ಅಂದರೆ ಮೆಲ್ಬರ್ನ್‌ನ ಪಾಯಿಂಟ್ ಕುಕ್ಕಿನಲ್ಲೋ ಸಿಡ್ನಿಯ ವೆಂಟ್‌ವರ್ತ್‌ವಿಲ್‌ನಲ್ಲೋ ಬೆಳೆದ ನಮ್ಮ ಹುಡುಗಿಯೊಬ್ಬಳು ತನ್ನ ಸ್ನೇಹಿತರೊಡನೆ ಸೇರಿ ಕನ್ನಡದಲ್ಲಿ ಒಂದು ಧಾರಾವಾಹಿ ಮಾಡಿದರೆ, ಈ ಅಳತೆಗೋಲಿಗೆ ಅದೂ ಆಸ್ಟ್ರೇಲಿಯಾದ್ದೇ.

ಇದು ಹಗಲುಗನಸೆಂದು ನಗಬೇಡಿ. 1970ರಲ್ಲಿ "ಸಂಸ್ಕಾರ" ಚಿತ್ರ ಬಂದಾಗ ಕ್ಯಾಮರಾ ಹಿಡಿದವರು ಆಸ್ಟ್ರೇಲಿಯಾದ ಟಾಮ್ ಕೋವನ್. ಅನಂತಮೂರ್ತಿಯವರ ಕಾದಂಬರಿ, ಪಟ್ಟಾಭಿರಾಮ ರೆಡ್ಡಿಯವರ ನಿರ್ದೇಶನ, ಗಿರೀಶ್ ಕಾರ್ನಾಡರ ಪ್ರಾಣೇಶಾಚಾರ್ಯ, ಮಲೆನಾಡಿನ ಅಗ್ರಹಾರ. ಅದನ್ನೆಲ್ಲ ನೋಡಿದ ಕಣ್ಣು ಈ ದೇಶದ್ದು. ಆ ಚಿತ್ರಕ್ಕೆ ಸೆನ್ಸಾರ್ ಮಂಡಳಿ ಮೊದಲು ಪ್ರದರ್ಶನದ ಅನುಮತಿಯನ್ನೇ ನಿರಾಕರಿಸಿತ್ತು. ಕೇಂದ್ರ ಸರ್ಕಾರದ ಮಟ್ಟದಲ್ಲಿ ಅದು ಬಿಡುಗಡೆಗೊಂಡು, ಕೊನೆಗೆ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಪಡೆಯಿತು. ಕನ್ನಡಕ್ಕೆ ಆ ಗೌರವ ಬಂದದ್ದು ಅದೇ ಮೊದಲು. ಒಂದು ಕೈ ತಡೆದದ್ದಕ್ಕೆ ಇನ್ನೊಂದು ಕೈ ಸ್ವರ್ಣಕಮಲ ಕೊಟ್ಟಿತು.

ಸಿನಿಮಾ ನಾಟಕಗಳ ಮಾತು ಹೀಗಾದರೆ, ನನ್ನನ್ನು ಹೆಚ್ಚು ಕಾಡುವುದು ಸುದ್ದಿ. ಇದನ್ನು ಸ್ವಲ್ಪ ವಿವರವಾಗಿ ಹೇಳಲು ಅಪ್ಪಣೆ ಬೇಡುತ್ತೇನೆ.

ಗುರುತು ಸಿಗದಂತೆ ವಿವರ ಬದಲಿಸಿ ಹೇಳುತ್ತೇನೆ. ಹಾಸನದ ಕಡೆಯ ಒಬ್ಬ ತಾಯಿ, ವಯಸ್ಸು 70 ದಾಟಿದೆ, ಮಗನ ಮನೆಗೆ ಬಂದವರು. ಬೇಸಿಗೆಯಲ್ಲಿ ತಲೆಸುತ್ತಿ ಬಿದ್ದು ನನ್ನ ವಾರ್ಡಿಗೆ ಬಂದರು. ಸಿಡ್ನಿಯ ಪಶ್ಚಿಮದ ಬಿಸಿಲು ಎಂಥದೆಂದು ತಮಗೆ ಗೊತ್ತು; 2020ರ ಜನವರಿ 4ರಂದು ಪೆನ್‌ರಿತ್‌ನಲ್ಲಿ 48.9 ಡಿಗ್ರಿ ಆಗಿತ್ತು. ಮಗ, ಸೊಸೆ ಕೆಲಸಕ್ಕೆ ಹೋಗಿದ್ದಾರೆ. ಇವರು ಕರೆಂಟಿನ ಬಿಲ್ಲಿಗೆ ಹೆದರಿ ಏ.ಸಿ. ಹಾಕಿಲ್ಲ; ಮೂತ್ರ ಹೆಚ್ಚಿಸುವ ಬಿ.ಪಿ. ಮಾತ್ರೆಯನ್ನು ಮಾತ್ರ ತಪ್ಪದೆ ನುಂಗಿದ್ದಾರೆ. ಸಂಜೆ ಚೇತರಿಸಿಕೊಂಡ ಮೇಲೆ ಕನ್ನಡದಲ್ಲಿ ಮಾತಿಗೆ ಕುಳಿತೆ. "ಏನಮ್ಮ, ಇವತ್ತು ಇಷ್ಟು ಬಿಸಿಲಿರುತ್ತೆ ಅಂತ ಗೊತ್ತಿರಲಿಲ್ವ?" ಎಂದೆ. "ಇಲ್ಲಪ್ಪ, ಬೆಂಗಳೂರಲ್ಲಿ ಚಳಿಯಂತೆ, ಬೆಳಿಗ್ಗೆ ಫೋನಲ್ಲಿ ತೋರಿಸಿದ್ರು" ಎಂದರು. ಅವರ ಫೋನಿನಲ್ಲಿ ಕನ್ನಡ ಸುದ್ದಿವಾಹಿನಿಗಳು ದಿನವಿಡೀ ಓಡುತ್ತವೆ. ವಿಧಾನಸೌಧದಲ್ಲಿ ಯಾರು ಯಾರಿಗೆ ಏನಂದರೆಂಬುದು ಅವರಿಗೆ ಬಾಯಿಪಾಠ. ತಾವು ಕುಳಿತಿರುವ ಬೀದಿಗೆ ಅಪಾಯದ ಎಚ್ಚರಿಕೆ ಬಂದದ್ದು ಗೊತ್ತಿಲ್ಲ.

ನಮ್ಮ ಹಿರಿಯರು ಇಲ್ಲಿಗೆ ಬಂದ ಕಾಲದಲ್ಲಿ ಕನ್ನಡದ ಕೊರತೆಯಿತ್ತು. ಊರಿನಿಂದ ಯಾರಾದರೂ ಹಳೆಯ "ಸುಧಾ", "ಮಯೂರ" ತಂದರೆ ಮನೆಮನೆ ಸುತ್ತುತ್ತಿತ್ತು ಎಂದು ಅವರೇ ಹೇಳುತ್ತಾರೆ. ಈಗ ಕನ್ನಡಕ್ಕೇನೂ ಬರವಿಲ್ಲ. ಆದರೆ ಇಲ್ಲಿನ ಸಂಗತಿಯನ್ನು ಹೇಳುವ ಕನ್ನಡಕ್ಕೆ ಬರ. ಉಪಗ್ರಹವಾಗಲಿ ಯೂಟ್ಯೂಬ್ ಆಗಲಿ ಈ ಕೊರತೆಯನ್ನು ತುಂಬಿಕೊಡಲಾರವು, ಏಕೆಂದರೆ ಪೆನ್‌ರಿತ್‌ನ ಬಿಸಿಲು ಬೆಂಗಳೂರಿನ ವಾಹಿನಿಗೆ ಸುದ್ದಿಯಲ್ಲ.

ಮೆಲ್ಬರ್ನ್‌ನ ಗೆಳೆಯರಿಗೆ 2016ರ ನವೆಂಬರ್ 21ರ ಸಂಜೆ ನೆನಪಿರಬಹುದು. ಬಿಸಿಲಿನ ದಿನದ ಕೊನೆಗೆ ಬಿರುಗಾಳಿ, ಗುಡುಗು. ಸುತ್ತಲಿನ ಬಯಲುಗಳ ರೈ ಹುಲ್ಲಿನ ಪರಾಗ ಆ ಗಾಳಿಯಲ್ಲಿ ಪುಡಿಪುಡಿಯಾಗಿ ನಗರದ ಮೇಲೆ ಇಳಿಯಿತು. ಆ ರಾತ್ರಿ ಸಾವಿರಾರು ಜನ ಉಸಿರಿಗಾಗಿ ಒದ್ದಾಡುತ್ತ ಆಸ್ಪತ್ರೆಗಳಿಗೆ ಬಂದರು; ಆಂಬ್ಯುಲೆನ್ಸ್ ಸಾಲಲಿಲ್ಲ; 10 ಜನ ತೀರಿಕೊಂಡರು. ಬಂದವರಲ್ಲಿ ಅನೇಕರಿಗೆ ಹಿಂದೆಂದೂ ಆಸ್ತಮಾ ಇರಲಿಲ್ಲ. ವಸಂತಕಾಲದಲ್ಲಿ ಸೀನು, ಕಣ್ಣು ತುರಿಕೆ ಇಷ್ಟೇ. ಮುಂದೆ ನಡೆದ ಅಧ್ಯಯನಗಳಲ್ಲಿ ಕಂಡುಬಂದ ಸಂಗತಿ ನಮ್ಮೆಲ್ಲರಿಗೂ ಸಂಬಂಧಿಸಿದ್ದು: ತೀವ್ರವಾಗಿ ಬಾಧಿತರಾದವರಲ್ಲಿ ಭಾರತ ಮತ್ತು ಏಷ್ಯಾ ಮೂಲದವರು ತಮ್ಮ ಸಂಖ್ಯೆಗೆ ಮೀರಿ ಇದ್ದರು. ಊರಲ್ಲಿ ಆ ಹುಲ್ಲಿಲ್ಲ, ಆ ಪರಾಗವಿಲ್ಲ. ಇಲ್ಲಿ ಬಂದು ಕೆಲವು ವರ್ಷ ಕಳೆದ ಮೇಲೆ ಮೈ ಅದಕ್ಕೆ ಸಿಡಿಮಿಡಿಗೊಳ್ಳಲು ಶುರುಮಾಡುತ್ತದೆ. 2017ರಿಂದ ವಿಕ್ಟೋರಿಯಾ ಸರ್ಕಾರ ಮುನ್ಸೂಚನೆ ಕೊಡುತ್ತಿದೆ. ಅದಕ್ಕೆ ಕನ್ನಡದಲ್ಲಿ ಒಂದು ಹೆಸರೂ ಬಳಕೆಯಲ್ಲಿಲ್ಲ. "ಗುಡುಗುಮಳೆ ಆಸ್ತಮಾ" ಎಂದು ನಾನು ಕರೆಯುತ್ತೇನೆ. ಇದಕ್ಕಿಂತ ಚೆನ್ನಾದದ್ದು ಇದ್ದರೆ ಸಾಹಿತಿಗಳು ಸೂಚಿಸಬೇಕು. ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಸೀನುವವರೆಲ್ಲ ತಮ್ಮ ಡಾಕ್ಟರನ್ನು ಒಮ್ಮೆ ಕಂಡು ಇನ್‌ಹೇಲರ್ ಬೇಕೇ ಎಂದು ಕೇಳಿ. ಮುನ್ಸೂಚನೆ ಕೆಂಪಾಗಿದ್ದ ದಿನ ಬಿರುಗಾಳಿಗೆ ಮುಂಚೆ ಮನೆಯೊಳಗೆ ಸೇರಿ ಕಿಟಕಿ ಮುಚ್ಚಿ. (ಕಾರ್ಯದರ್ಶಿಗಳು ಕ್ಷಮಿಸಬೇಕು, ಸಕ್ಕರೆಯ ಮಾತನ್ನಂತೂ ಎತ್ತಲಿಲ್ಲ.)

ವಾಟ್ಸಾಪ್ ಗುಂಪುಗಳಿವೆಯಲ್ಲ, ಫೇಸ್‌ಬುಕ್ ಪುಟವಿದೆಯಲ್ಲ ಎನ್ನುತ್ತೀರಿ. 2021ರ ಫೆಬ್ರವರಿ 18ನ್ನು ನೆನೆಯಿರಿ. ಸುದ್ದಿಗೆ ಹಣ ಕೊಡಬೇಕೆಂಬ ಸರ್ಕಾರದ ಮಸೂದೆಗೆ ಸಿಟ್ಟಾಗಿ ಫೇಸ್‌ಬುಕ್ ಈ ದೇಶದಲ್ಲಿ ಸುದ್ದಿಯನ್ನೇ ನಿಲ್ಲಿಸಿತು. ಆ ಭರದಲ್ಲಿ ಹವಾಮಾನ ಇಲಾಖೆಯ ಪುಟ, ಕ್ವೀನ್ಸ್‌ಲ್ಯಾಂಡ್ ಮತ್ತು ದಕ್ಷಿಣ ಆಸ್ಟ್ರೇಲಿಯಾದ ಆರೋಗ್ಯ ಇಲಾಖೆಗಳ ಪುಟಗಳೂ ಮಾಯವಾದವು. ಕೋವಿಡ್ ಲಸಿಕೆ ಶುರುವಾಗಲು ಇನ್ನು ಮೂರೇ ದಿನವಿತ್ತು! ಆ ಪುಟಗಳನ್ನು ಬೇಗ ತೆರೆದರೆನ್ನಿ. ಆದರೂ ಯಾರದೋ ಅಂಗಳದಲ್ಲಿ ಹಾಕಿದ ಚಪ್ಪರ ಎಷ್ಟು ಗಟ್ಟಿಯೆಂದು ತಿಳಿಯಿತು. ಅದೇ ಕೋವಿಡ್ ಕಾಲದಲ್ಲಿ ಎಸ್.ಬಿ.ಎಸ್. 60ಕ್ಕೂ ಹೆಚ್ಚು ಭಾಷೆಗಳಲ್ಲಿ ಮಾಹಿತಿ ಕೊಟ್ಟಿತು. 1975ರಲ್ಲಿ ಹುಟ್ಟಿದ ಉದ್ದೇಶಕ್ಕೇ ಅದು 45 ವರ್ಷಗಳ ಮೇಲೆ ಮತ್ತೆ ಒದಗಿತು.

ಎಸ್.ಬಿ.ಎಸ್. ಯಾವ ಭಾಷೆಗೆ ಎಷ್ಟು ಕೊಡುತ್ತದೆ ಎಂಬುದಕ್ಕೆ ಒಂದು ಲೆಕ್ಕವಿದೆ. ಜನಗಣತಿಯ ಅಂಕಿ ಅಂಶ ಹಿಡಿದು, ಭಾಷೆಯಾಡುವವರು ಎಷ್ಟು ಜನ, ಅವರಲ್ಲಿ ಇಂಗ್ಲಿಷ್ ಬಾರದವರು ಎಷ್ಟು, ಹೊಸದಾಗಿ ಬಂದವರೆಷ್ಟು, ವಯಸ್ಸಾದವರೆಷ್ಟು ಎಂದು ನೋಡುತ್ತಾರೆ. ಸುಮಾರು ಎರಡು ದಶಕ ಅಲುಗಾಡದಿದ್ದ ವೇಳಾಪಟ್ಟಿಯನ್ನು 2013ರಲ್ಲಿ ಈ ರೀತಿ ಬದಲಿಸಿದರು. ಅಳತೆ ನ್ಯಾಯವಾದದ್ದೇ. ಇರುವ ಹಾಸಿಗೆಗಳನ್ನು ಹೆಚ್ಚು ಕಾಯಿಲೆಯವರಿಗೆ ಕೊಡುವುದನ್ನು ವೈದ್ಯನಾಗಿ ನಾನು ಪ್ರಶ್ನಿಸಲಾರೆ. ಯುದ್ಧದಿಂದ ತಪ್ಪಿಸಿಕೊಂಡು ಬಂದವರ ಭಾಷೆಗೆ ನಮಗಿಂತ ಮೊದಲ ಮಣೆ ಸಿಗಬೇಕು.

ಆದರೆ ಈ ಲೆಕ್ಕದಲ್ಲಿ ನಮ್ಮ ಸ್ಥಿತಿಯೇ ಬೇರೆ. ಕನ್ನಡಿಗರೆಂದರೆ ಬಹುತೇಕ ಎಂಜಿನಿಯರು, ಡಾಕ್ಟರು, ಲೆಕ್ಕಿಗರು, ಇಂಗ್ಲಿಷ್ ಸರಾಗ. ಸರಾಸರಿ ತೆಗೆದರೆ ನಮಗೆ ಯಾವ ಕೊರತೆಯೂ ಕಾಣುವುದಿಲ್ಲ. ವಾರ್ಡಿನ ಎಲ್ಲರ ಜ್ವರದ ಸರಾಸರಿ ತೆಗೆದು ಔಷಧ ಬರೆಯುವ ಡಾಕ್ಟರನನ್ನು ತಾವು ನಂಬುತ್ತೀರಾ? ಆ ಸರಾಸರಿಯ ಕೆಳಗೆ ಹಾಸನದ ಆ ತಾಯಿ ಕುಳಿತಿದ್ದಾರೆ. ಇನ್ನೂ ಒಂದು ಹೆಜ್ಜೆ ಮುಂದೆ ಹೋದರೆ, ಅವರು ಎಣಿಕೆಯಲ್ಲಿಯೇ ಇಲ್ಲದಿರಬಹುದು. ಸಂದರ್ಶಕ ವೀಸಾದಲ್ಲಿ ಆರು ತಿಂಗಳಿಗೆ ಬಂದ ತಂದೆತಾಯಿಗಳನ್ನು ಜನಗಣತಿಯು ವಿದೇಶಿ ಪ್ರವಾಸಿಗರೆಂದು ಬೇರೆ ತೆಗೆದಿಡುತ್ತದೆ. ಇಲ್ಲಿನ ನಿವಾಸಿಗಳ ಭಾಷೆಯ ಪಟ್ಟಿಗೆ ಅವರು ಸೇರುವುದಿಲ್ಲ. ಯಾರಿಗೆ ಕನ್ನಡದ ಎಚ್ಚರಿಕೆ ಎಲ್ಲರಿಗಿಂತ ಹೆಚ್ಚು ಬೇಕೋ ಅವರೇ ಲೆಕ್ಕದಿಂದ ಹೊರಗೆ.

ನಾವು ಲೆಕ್ಕದಲ್ಲಿರುವವರಾದರೂ ಸರಿಯಾಗಿ ಲೆಕ್ಕ ಕೊಡುತ್ತೇವೆಯೇ? ಐದು ವರ್ಷಕ್ಕೊಮ್ಮೆ, 2016, 2021, 2026 ಹೀಗೆ ಬರುವ ಜನಗಣತಿಯ ನಮೂನೆಯಲ್ಲಿ ಮನೆಯಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಯಾವ ಭಾಷೆ ಬಳಸುತ್ತೀರಿ ಎಂಬ ಪ್ರಶ್ನೆಯಿದೆ. ಅನೇಕರು ಮಕ್ಕಳ ಹೆಸರಿನ ಮುಂದೆ "ಇಂಗ್ಲಿಷ್ ಮಾತ್ರ" ಎಂದು ಗುರುತು ಹಾಕುತ್ತಾರೆ. ಕೆಲವರಿಗೆ ಅದು ನಿಜ, ಕೆಲವರಿಗೆ ಸಂಕೋಚ. ಅಜ್ಜಿಯ ಜೊತೆ ಮಗು ಮುರುಕು ಕನ್ನಡದಲ್ಲಿ ಮಾತನಾಡಿದರೂ ಅದು ಕನ್ನಡ ಬಳಕೆಯೇ. ಇಲ್ಲೊಂದು ನಾಜೂಕಿನ ಸಂಗತಿಯೂ ಇದೆ: ಉತ್ತರಕ್ಕೆ ಇರುವುದು ಒಂದೇ ಜಾಗ. ನಮ್ಮ ಸಂಘದಲ್ಲಿ ಮನೆಯಲ್ಲಿ ತುಳು, ಕೊಂಕಣಿ, ಕೊಡವ, ಉರ್ದು ಆಡುವ ಕುಟುಂಬಗಳಿವೆ. ಅವರೆಲ್ಲ ಕನ್ನಡವೆಂದೇ ಬರೆಯಬೇಕೆಂದು ಒತ್ತಾಯಿಸುವುದು ನನಗೆ ಸರಿಕಾಣದು. ತುಳುವರು ತುಳುವನ್ನೇ ಬರೆಯಲಿ. ಒಂದಕ್ಕಿಂತ ಹೆಚ್ಚು ಭಾಷೆ ಬರೆಯಲು ಜಾಗ ಕೊಡಿ ಎಂದು ಕೇಳುವುದು ನಮ್ಮೆಲ್ಲರ ಬೇಡಿಕೆಯಾಗಬೇಕು; ಭಾರತದಿಂದ ಬಂದ ಬೇರೆ ಭಾಷೆಯ ಸಂಘಗಳೂ ಇದಕ್ಕೆ ದನಿಗೂಡಿಸಬಹುದು.

ಸರ್ಕಾರ ಕೊಡುವವರೆಗೆ ನಾವು ಕಾಯಬೇಕಾಗಿಯೂ ಇಲ್ಲ. 1935ರಲ್ಲಿ ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ರೇಡಿಯೋ ಪ್ರಸಾರ ಶುರುಮಾಡಿದರು. "ಆಕಾಶವಾಣಿ" ಎಂಬ ಹೆಸರು ಇಡೀ ಭಾರತಕ್ಕೆ ಸಿಕ್ಕಿದ್ದು ಆ ಮನೆಯಿಂದ. ಅವರೂ ನನ್ನ ಹಾಗೆ ಬೇರೆ ಕಸುಬಿನವರು. ಇಲ್ಲಿ ಸಮುದಾಯ ರೇಡಿಯೋಗಳಿವೆ. ಸಿಡ್ನಿಯಲ್ಲೂ ಮೆಲ್ಬರ್ನ್‌ನಲ್ಲೂ ಸ್ವಯಂಸೇವಕರು ಅವುಗಳಲ್ಲಿ ತಮ್ಮ ತಮ್ಮ ಭಾಷೆಯ ಕಾರ್ಯಕ್ರಮ ನಡೆಸುತ್ತಾರೆ. ಅವುಗಳಿಗೆ ಜಾಹೀರಾತು ಕೂಡದು, ಗಂಟೆಗೆ 5 ನಿಮಿಷ ಪ್ರಾಯೋಜಕರ ಹೆಸರು ಹೇಳಬಹುದು ಅಷ್ಟೇ. ನಮ್ಮಲ್ಲಿ ಮಸಾಲೆ ಅಂಗಡಿ, ಮನೆಸಾಲ, ಕ್ಯಾಟರಿಂಗ್ ನಡೆಸುವವರು ಬೇಕಾದಷ್ಟು ಜನರಿದ್ದಾರೆ. 5 ನಿಮಿಷಕ್ಕೆ ಅವರೇ ಹೆಚ್ಚಾದಾರು!

ನನ್ನ ಬೇಡಿಕೆ ಸಣ್ಣದು. ಬಿಸಿಲ ಅಲೆ, ಗುಡುಗುಮಳೆ ಆಸ್ತಮಾ, ಕಾಡ್ಗಿಚ್ಚಿನ ಹೊಗೆ, ಮಾತ್ರೆಗಳನ್ನು ನುಂಗುವ ಕ್ರಮ, ಆಸ್ಪತ್ರೆಯಲ್ಲಿ 131 450ಕ್ಕೆ ಫೋನ್ ಮಾಡಿ ದುಭಾಷಿಯನ್ನು ಕೇಳುವ ವಿಧಾನ, ಇಷ್ಟಕ್ಕೆ ಮೂರು ಮೂರು ನಿಮಿಷದ ಕನ್ನಡ ಮಾತನ್ನು ನಾನು ಬರೆದುಕೊಡುತ್ತೇನೆ. ನನ್ನ ದನಿ ರೇಡಿಯೋಗೆ ತಕ್ಕದ್ದಲ್ಲವೆಂದು ನನ್ನ ಪತ್ನಿ ಹೇಳಿಯಾಗಿದೆ. ಆದ್ದರಿಂದ ಓದಲು ನಾಲ್ಕು ಜನ ಬೇಕು. ಧಾರವಾಡದ ಕನ್ನಡದವರು ಒಬ್ಬರು, ಮಂಗಳೂರಿನವರು ಒಬ್ಬರು, ಮೈಸೂರಿನವರು ಒಬ್ಬರು ಇದ್ದರೆ ಒಳ್ಳೆಯದು. ಇನ್ನೊಬ್ಬರು ಇಲ್ಲೇ ಹುಟ್ಟಿ ಬೆಳೆದ ಹುಡುಗನೋ ಹುಡುಗಿಯೋ ಆಗಿರಲಿ; ಉಚ್ಚಾರಣೆ ಹೇಗಿದ್ದರೂ ಅಜ್ಜಿಯರು ಮೊಮ್ಮಕ್ಕಳ ಮಾತನ್ನೇ ಮೊದಲು ಕೇಳುತ್ತಾರೆ. ಬಾಗಿಲ ಹತ್ತಿರದ ಮೇಜಿನ ಮೇಲೆ ಕಾಗದ, ಪೆನ್ನು ಇಟ್ಟಿದ್ದೇನೆ. ತಟ್ಟೆ ತೆಗೆದುಕೊಳ್ಳುವ ಮುಂಚೆ ಹೆಸರು ಬರೆದು ಹೋಗಿ.